ನಂದಳಿಕೆಯ ಮುದ್ದಣ

ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಊರೂ ಹೆಸರೂ ತಿಳಿಯದ ಕವಿಗಳು ಅನೇಕರಿದ್ದಾರೆ. ಅವರ ಕಾಲದೇಶಗಳನ್ನು ನಿರ್ಣಯಿಸುವುದಕ್ಕಾಗಿ ಪಂಡಿತರು ಶಾಸನಗಳನ್ನೂ ಓಲೆಯ ಪ್ರತಿಗಳನ್ನೂ ಶೋಧಿಸಿ ಬಹಳವಾಗಿ ಶ್ರಮಪಟ್ಟಿದ್ದಾರೆ. ಆ ಕವಿಗಳು ತಮ್ಮ ಹೆಸರನ್ನು ಬೇಕೆಂದು ಮರೆಸಿದವರಲ್ಲ. ಕಾಲವೇ ಅದನ್ನು ಮರೆಸಿತು. ಆದರೆ ಅಚ್ಚಿನ ಯಂತ್ರವೂ ಅಂಚೆಯ ಮನೆಯೂ ಮಾಸಪತ್ರಿಕೆಯೂ ಇದ್ದ ಕಾಲದಲ್ಲಿ ಬಾಳಿ, ತನ್ನ ಗ್ರಂಥವು ಅಚ್ಚಾಗಿ ಜನರ ಕೈಸೇರುತ್ತಿದ್ದಾಗಲೂ ಅದು ತನ್ನದೆಂದು ಹೇಳಿಕೊಳ್ಳದೆ, ಯಾವನೋ ಹಿಂದಿನವನು ಬರೆದುದೆಂಬ ಭಾವನೆಗೆ ತಾನೇ ಎಡೆಗೊಟ್ಟು ಸುಮ್ಮನಿದ್ದ ಕವಿಯೊಬ್ಬನುಂಟು. ಅವನೇ ಮುದ್ದಣ. ಅವನು ಹೀಗೇಕೆ ಮಾಡಿದನೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ. ವಿನಯವೆಂಬ ಒಂದು ಮಾತಿನಿಂದ ಈ ಪ್ರಶ್ನೆಯನ್ನು ಮುಗಿಸಿಬಿಡುವುದು ವಾಡಿಕೆಯಾಗಿದೆ. ನಮಗೆ ಆ ಉತ್ತರ ಸಾಲದೆಂದು ತೋರುತ್ತದೆ.

ಕವಿಯ ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. ಈಗಿನ ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿಗೆ ಸೇರಿದ ನಂದಳಿಕೆಯೆಂಬ ಗ್ರಾಮದಲ್ಲಿ ೧೮೭೦ನೆಯ ಜನವರಿ ೨೪ರಂದು ಹುಟ್ಟಿದನು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಮನೆಯಲ್ಲಿ ಮುದ್ದಿನಿಂದ ಕರೆಯುತ್ತಿದ್ದ ಹೆಸರು ಮುದ್ದಣ. ಮುಂದೆ ಲೋಕಪ್ರಸಿದ್ಧವಾದುದು ಈ ಮನೆಯ ಹೆಸರೇ ಎಂಬುದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಅದರ ಪ್ರಯೋಜನ ಮುಂದೆ ಬರುತ್ತದೆ.

ಆ ಕಾಲದ ಕನ್ನಡನಾಡು ಒಂದಾಗಿರಲಿಲ್ಲ. ೧೭೯೯ರಲ್ಲಿ ಟಿಪ್ಪುಸುಲ್ತಾನನ ಪತನವಾದಮೇಲೆ ಕನ್ನಡಜಿಲ್ಲೆಯು ಕುಂಪಣಿಯವರ ವಶವಾಯಿತು. ೧೮೬೨ರಲ್ಲಿ ಅದರ ಉತ್ತರಭಾಗವು ಮುಂಬಯಿ ಆಧಿಪತ್ಯಕ್ಕೆ ಸೇರಿ, ದಕ್ಷಿಣಭಾಗವು ಮದರಾಸಿನಲ್ಲಿಯೇ ಉಳಿಯಿತು. ಮೈಸೂರು ಅರಸರ ಸೀಮೆ, ಧಾರವಾಡ ಮುಂಬಯಿಯ ಸೀಮೆ, ಮಂಗಳೂರು ಮದರಾಸಿನ ಸೀಮೆ. ಹೀಗೆ ಬೇರೆಬೇರೆ ಸರಕಾರಗಳ ಕೆಳಗೆ ಒಂದೇ ನುಡಿಯ ಜನ ಹಂಚಿಹೋಗಿದ್ದರು. ಇದರ ಮೇಲೆ ನಡುವೆ ಸಹ್ಯಾದ್ರಿ. ಮಂಗಳೂರಿಗೆ ರೈಲುದಾರಿ ಬಂದದ್ದು ೧೯೦೭ರಲ್ಲಿ. ಅದೂ ಮಲೆಯಾಳದ ಕಡೆಯಿಂದ ಬಂದಿತೇ ಹೊರತು ಮೈಸೂರಿನ ಕಡೆಯಿಂದಲ್ಲ. ನಮ್ಮ ಕವಿಯ ಜೀವಮಾನದಲ್ಲಿ ಉಡುಪಿಗೂ ಮೈಸೂರಿಗೂ ಇದ್ದ ನಂಟೆಂದರೆ ಘಟ್ಟದ ದಾರಿ ಮತ್ತು ಸರಕಾರದ ಟಪಾಲು.

ಆದರೂ ತುಳುನಾಡು ಸಾಹಿತ್ಯದ ದೃಷ್ಟಿಯಿಂದ ಮೂಲೆಯ ನಾಡಾಗಿರಲಿಲ್ಲ. ಬೀದಿಯಲ್ಲಿ ತುಳು, ಅಂಗಡಿಬೀದಿಯಲ್ಲಿ ಕೊಂಕಣಿಯೂ ಸೇರಿ, ಪಾಠಶಾಲೆ ಕಚೇರಿಗಳಲ್ಲಿ ಕನ್ನಡ, ಮೇಲಿನ ಅಧಿಕಾರಿಗಳಲ್ಲಿ ಇಂಗ್ಲಿಷ್, ಹೀಗೆ ನಾಲ್ಕು ನುಡಿಗಳ ನಡುವೆ ಅಲ್ಲಿಯ ಹುಡುಗರು ಬೆಳೆಯುತ್ತಿದ್ದರು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ಕೆಲವು ವರ್ಷಗಳಲ್ಲಿಯೇ ಮುದ್ರಣಾಲಯವನ್ನು ಸ್ಥಾಪಿಸಿದರು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ರಲ್ಲಿ ಮೋಗ್ಲಿಂಗ್ ಸಾಹೇಬರ ಕೈಯಿಂದ ಹೊರಟಿತು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟ್ಟೆಲ್ ಸಾಹೇಬರು ೧೮೭೨ರಲ್ಲಿ ಅಚ್ಚುಮಾಡಿಸಿದರು, ಅವರ ಮಹಾಕೋಶವು ೧೮೯೪ರಲ್ಲಿ ಅಲ್ಲಿಯೇ ಮುದ್ರಿತವಾಯಿತು. ಹಳಗನ್ನಡದ ಒಂದು ಶಬ್ದದ ಅರ್ಥವನ್ನು ನಿಶ್ಚಯಿಸಬೇಕಾದರೆ ಮೈಸೂರಿನ ಪಂಡಿತರೂ ಮಂಗಳೂರಿನ ಪುಸ್ತಕವನ್ನು ತೆರೆಯಬೇಕಾದ ಕಾಲ ಬಂದಿತ್ತು.

ಇದು ಅಚ್ಚಿನ ಮನೆಯ ಸಂಗತಿಯಾಯಿತು. ಇನ್ನೊಂದು ವಿದ್ಯಾಲಯವಿತ್ತು, ಅದಕ್ಕೆ ಗೋಡೆಯೂ ಇಲ್ಲ, ಶುಲ್ಕವೂ ಇಲ್ಲ. ಮಳೆಗಾಲ ಕಳೆದು ಗದ್ದೆಯ ಕೊಯ್ಲು ಮುಗಿಯಿತೆಂದರೆ ಯಕ್ಷಗಾನದ ಮೇಳಗಳು ಊರೂರಿಗೆ ಹೊರಡುತ್ತಿದ್ದುವು. ಓದುಬರಹ ತಿಳಿಯದ ಒಕ್ಕಲಿಗನೂ ರಾತ್ರಿಯೆಲ್ಲ ಕುಳಿತು ಭಾಗವತನ ಪದಗಳನ್ನೂ ವೇಷಧಾರಿಗಳ ಅರ್ಥವನ್ನೂ ಕೇಳಿ, ಮನೆಯಲ್ಲಿ ತಾನು ಆಡದ ಕನ್ನಡವನ್ನು ಕಿವಿಯಿಂದಲೇ ಕಲಿಯುತ್ತಿದ್ದನು. ಮುದ್ದಣನು ಮೊದಲು ಕೈಯಿಟ್ಟದ್ದು ಈ ಯಕ್ಷಗಾನಕ್ಕೇ. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಎರಡು ಪ್ರಸಂಗಗಳನ್ನು ಅವನು ರಚಿಸಿದನು. ಇವುಗಳನ್ನು ಎಳೆತನದ ಕೆಲಸವೆಂದು ಬದಿಗಿಡುವವರುಂಟು. ಆದರೆ ಅವನ ಮುಂದಿನ ಗದ್ಯದಲ್ಲಿ ಮಾತಿಗೆ ಮಾತು ಕೊಡುವ ಚುರುಕೂ, ಒಂದು ವಾಕ್ಯವನ್ನು ಎಲ್ಲಿ ನಿಲ್ಲಿಸಿದರೆ ಕೇಳುವವನು ನಗುವನೆಂಬ ಅರಿವೂ ಎಲ್ಲಿಂದ ಬಂದುವೆಂದು ಕೇಳಿದರೆ, ಚಂಪೂಕಾವ್ಯಗಳಿಂದ ಬಂದುವೆಂದು ನಾವು ಹೇಳಲಾರೆವು. ಅದು ರಂಗಸ್ಥಳದಲ್ಲಿ ಕಲಿತ ವಿದ್ಯೆ.

ಬಡತನದ ಮನೆ. ಹೆಚ್ಚಿನ ವಿದ್ಯಾಭ್ಯಾಸಕ್ಕೆ ಅನುಕೂಲವಿರಲಿಲ್ಲ. ಮದರಾಸಿಗೆ ಹೋಗಿ ಅಂಗಸಾಧನೆಯ ಶಿಕ್ಷಣದಲ್ಲಿ ತರಬೇತು ಪಡೆದು ಬಂದು, ಉಡುಪಿಯ ಹೈಸ್ಕೂಲಿನಲ್ಲಿ ವ್ಯಾಯಾಮದ ಉಪಾಧ್ಯಾಯನಾದನು. ಸ್ವಲ್ಪಕಾಲ ಕುಂದಾಪುರದಲ್ಲಿಯೂ ಕೆಲಸಮಾಡಿದನು. ಬಯಲಿನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿ ಇಳಿಸುವ ಡ್ರಿಲ್ ಮೇಷ್ಟ್ರು! ಪಾಠಶಾಲೆಗಳ ಸಂಪ್ರದಾಯವನ್ನು ಬಲ್ಲವರಿಗೆ ಆ ಸ್ಥಾನದ ಮರ್ಯಾದೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಸಂಸ್ಕೃತ ಪಂಡಿತರಿಗೆ ಒಂದು ಗೌರವ, ಇಂಗ್ಲಿಷ್ ಹೇಳುವವರಿಗೆ ಅದಕ್ಕಿಂತಲೂ ಹೆಚ್ಚಿನ ಗೌರವ. ಡ್ರಿಲ್ ಮೇಷ್ಟ್ರಿಗೆ ಬಯಲು. ಆದರೂ ಅವನ ಭಾಗ್ಯಕ್ಕೆ ಮಳಲಿ ಸುಬ್ಬರಾಯರೆಂಬ ವಿದ್ವಾಂಸರ ಸ್ನೇಹ ದೊರೆಯಿತು. ಹಳೆಯ ಕಾವ್ಯಗಳ ಪರಿಚಯವೂ ಪುಸ್ತಕಗಳ ಸೌಕರ್ಯವೂ ಅವನಿಗೆ ಆ ಸ್ನೇಹದಿಂದ ಲಭಿಸಿದುವು. ಸಾಗರದ ಕಡೆಯ ಕಾಗೋಡಿನ ಕಮಲೆಯೊಡನೆ ಅವನ ವಿವಾಹವಾಯಿತು. ರಾಧಾಕೃಷ್ಣನೆಂಬ ಮಗನು ಹುಟ್ಟಿದನು. ಹೊರಗಿನ ಸಂಗತಿಗಳು ಇಷ್ಟೇ.

ಇನ್ನು ಘಟ್ಟದ ಮೇಲಿನ ಮೈಸೂರನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮೈಸೂರು ಬೆಂಗಳೂರುಗಳಲ್ಲಿ ಹಳೆಯ ಕಾವ್ಯಗಳನ್ನು ಬೆಳಕಿಗೆ ತರುವ ಉತ್ಸಾಹವು ಹೊಳೆಯಂತೆ ಹರಿಯುತ್ತಿತ್ತು. ೧೮೯೧ರಲ್ಲಿ ಪ್ರಾಚ್ಯ ಪುಸ್ತಕಭಂಡಾರವು ಸ್ಥಾಪಿತವಾಯಿತು. ‘ಪಂಪಭಾರತ’ವನ್ನು ರೈಸ್ ಸಾಹೇಬರೂ ‘ಕವಿರಾಜಮಾರ್ಗ’ವನ್ನು ಕೆ. ಬಿ. ಪಾಠಕರೂ ೧೮೯೮ರಲ್ಲಿ ಪ್ರಕಟಿಸಿದರು. ಒಂದು ಜನಾಂಗವು ಸಾವಿರ ವರ್ಷದ ತನ್ನ ಆಸ್ತಿಯ ಪೆಟ್ಟಿಗೆಯನ್ನು ಆಗತಾನೆ ತೆರೆಯುತ್ತಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಈ ಕಾರ್ಯದಲ್ಲಿ ಸರಕಾರದ ನೆರವಿಗಾಗಿ ಕಾಯದೆ ಮುಂದೆ ಬಂದವರು ಎಸ್. ಜಿ. ನರಸಿಂಹಾಚಾರ್ಯರು ಮತ್ತು ಎಂ. ಎ. ರಾಮಾನುಜಯ್ಯಂಗಾರ್ಯರು. ‘ಕರ್ಣಾಟಕ ಕಾವ್ಯಮಂಜರಿ’ಯೆಂಬ ಪತ್ರಿಕೆಯ ಮೂಲಕ ಇವರು ಪ್ರಾಚೀನ ಗ್ರಂಥಗಳನ್ನು ಭಾಗಭಾಗವಾಗಿ ಅಚ್ಚುಮಾಡಿ ಚಂದಾದಾರರಿಗೆ ಕಳುಹಿಸುತ್ತಿದ್ದರು, ಅನಂತರ ‘ಕರ್ಣಾಟಕ ಕಾವ್ಯಕಲಾನಿಧಿ’ಯೂ ಇದೇ ಉದ್ದೇಶದಿಂದ ಹೊರಟಿತು. ಓಲೆಯಲ್ಲಿ ಹುಳುಹಿಡಿದು ನಾಶವಾಗುತ್ತಿದ್ದ ಗ್ರಂಥಗಳನ್ನು ಈ ಇಬ್ಬರು ಉಳಿಸಿಕೊಟ್ಟ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ.

ಆದರೆ ಈ ಉತ್ಸಾಹಕ್ಕೆ ಒಂದು ವಿಚಿತ್ರವಾದ ಲಕ್ಷಣವಿದ್ದಿತು. ಪತ್ರಿಕೆಯ ಬಾಗಿಲು ಸತ್ತವರಿಗೆ ಮಾತ್ರ ತೆರೆದಿತ್ತು. ಜೀವಂತನಾದ ಕವಿಯು ಒಳಕ್ಕೆ ಬರಬೇಕಾದರೆ ಮುನ್ನೂರು ವರ್ಷ ಮುಂಚಿತವಾಗಿ ಹುಟ್ಟಿರಬೇಕಾಗಿತ್ತು!

ಮುದ್ದಣನು ಹಾಗೆಯೇ ಹುಟ್ಟಿದನು. ೧೮೯೫ರಲ್ಲಿ ‘ಅದ್ಭುತ ರಾಮಾಯಣ’ವೆಂಬ ಹಳಗನ್ನಡದ ಗದ್ಯಗ್ರಂಥವು ಉಡುಪಿಯಿಂದ ಮೈಸೂರಿಗೆ ಹೋಗಿ ‘ಕಾವ್ಯಮಂಜರಿ’ಯಲ್ಲಿ ಪ್ರಕಟವಾಯಿತು. ಸಹಸ್ರಕಂಠ ರಾವಣನನ್ನು ಸೀತೆಯೇ ಸಂಹರಿಸುವ ಕಥೆಯದು. ಮರುವರ್ಷ ‘ಶ್ರೀರಾಮಪಟ್ಟಾಭಿಷೇಕ’ವು ವಾರ್ಧಕ ಷಟ್ಪದಿಯಲ್ಲಿ ಬಂದಿತು. ಜೀವಿತದ ಕೊನೆಯ ವರ್ಷಗಳಲ್ಲಿ ‘ಶ್ರೀರಾಮಾಶ್ವಮೇಧ’ವು ‘ಕಾವ್ಯಕಲಾನಿಧಿ’ಯ ಪುಟಗಳನ್ನು ಸೇರಿತು. ಇವು ಹಿಂದಿನ ಕವಿಯೊಬ್ಬನ ಗ್ರಂಥಗಳೆಂಬ ವೇಷದಲ್ಲಿಯೇ ಓದುಗರ ಮುಂದೆ ಬಂದುವು. ಇವುಗಳನ್ನು ಬರೆದವನು ಉಡುಪಿಯ ಬಯಲಿನಲ್ಲಿ ಹುಡುಗರಿಗೆ ಡ್ರಿಲ್ ಕಲಿಸುತ್ತಿದ್ದ ತರುಣನೆಂಬುದು ಓದುವ ಲೋಕಕ್ಕೆ ಚೆನ್ನಾಗಿ ತಿಳಿದದ್ದು ಅವನು ಗತಿಸಿದಮೇಲೆ.

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಇಲ್ಲಿ ಚ್ಯಾಟರ್‌ಟನ್ನನ ನೆನಪು ಬಾರದಿರದು. ಬ್ರಿಸ್ಟಲ್ ನಗರದ ಆ ಹುಡುಗನು ಇಗರ್ಜಿಯ ಹಳೆಯ ಪೆಟ್ಟಿಗೆಗಳಲ್ಲಿದ್ದ ಚರ್ಮಪತ್ರಗಳ ನಡುವೆ ಬೆಳೆದು, ಹದಿನೈದನೆಯ ಶತಮಾನದ ರೌಲಿಯೆಂಬ ಸಂನ್ಯಾಸಿಯೊಬ್ಬನನ್ನು ಕಲ್ಪಿಸಿ, ಅವನ ಹೆಸರಿನಲ್ಲಿ ಹಳೆಯ ಇಂಗ್ಲಿಷಿನಂತೆ ತೋರುವ ಪದ್ಯಗಳನ್ನು ಹೊರಡಿಸಿದನು; ೧೭೭೦ರಲ್ಲಿ, ಹದಿನೆಂಟು ತುಂಬುವುದರೊಳಗೆ, ಲಂಡನ್ನಿನಲ್ಲಿ ಸತ್ತನು. ಮ್ಯಾಕ್‌ಫರ್ಸನ್ನನು ಆಸಿಯನ್ ಎಂಬ ಪುರಾತನ ಕವಿಯ ಹೆಸರಿನಲ್ಲಿ ಯೂರೋಪನ್ನೆಲ್ಲ ಮರುಳುಗೊಳಿಸಿದ್ದೂ ಅದೇ ಶತಮಾನದಲ್ಲಿ. ಹಳೆಯದರ ಮೇಲೆ ಹೊಸ ಪ್ರೀತಿ ಹುಟ್ಟಿದ ಕಾಲದಲ್ಲೆಲ್ಲ ಇಂಥವರು ಕಾಣಿಸಿಕೊಳ್ಳುತ್ತಾರೆ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಚ್ಯಾಟರ್‌ಟನ್ನನು ಕಾಗದವನ್ನು ಕಪ್ಪುಮಾಡಿ ಹಳತಾಗಿಸಿ ಸಾಕ್ಷ್ಯವನ್ನೇ ಸೃಷ್ಟಿಸಿದನು. ನಮ್ಮ ಕವಿಯು ಹೆಸರಿಲ್ಲದ ಸಂನ್ಯಾಸಿಯನ್ನು ಹುಡುಕಲಿಲ್ಲ. ಮುದ್ದಣನೆಂಬ ತನ್ನ ಮನೆಯ ಹೆಸರನ್ನೇ ಗ್ರಂಥದ ಒಳಗೆ ಇಟ್ಟನು. ಲಕ್ಷ್ಮೀನಾರಣಪ್ಪನನ್ನು ಮೈಸೂರಿನ ಚಂದಾದಾರರು ಅರಿಯರು. ಮುದ್ದಣನನ್ನು ನಂದಳಿಕೆಯವರೆಲ್ಲ ಬಲ್ಲರು. ತೆಗೆಯಬೇಕೆಂದಾಗ ತೆಗೆಯಬಹುದಾದ ಮುಸುಕು ಅದು.

ಹಾಗಾದರೆ ಅವನನ್ನು ಅಂಜಿಸಿದುದು ಯಾವುದು? ಪಂಡಿತಮಂಡಲಿಯು ಹೊಸಬನ ಗ್ರಂಥವನ್ನು ಓದುವಾಗ ಮೊದಲು ನೋಡುವುದು ತಪ್ಪನ್ನು. ಹಳಬನ ಗ್ರಂಥವನ್ನು ಓದುವಾಗ ಮೊದಲು ಹುಡುಕುವುದು ಗುಣವನ್ನು. ಹಳಬನಲ್ಲಿ ಒಂದು ರೂಪವು ವ್ಯಾಕರಣಕ್ಕೆ ಹೊಂದದಿದ್ದರೆ ಅದಕ್ಕೆ ಅಪೂರ್ವ ಪ್ರಯೋಗವೆಂಬ ಬಿರುದು ದೊರೆಯುತ್ತದೆ; ಅದೇ ರೂಪವು ಡ್ರಿಲ್ ಮೇಷ್ಟ್ರ ಬರಹದಲ್ಲಿ ಕಂಡರೆ ಅಜ್ಞಾನವೆನಿಸುತ್ತದೆ. ಮುದ್ದಣನ ಭಾಷೆಯಲ್ಲಿ ಹಳೆಯ ಕವಿಗಳು ಕಾಣದ ರೂಪಗಳೂ ಅವನೇ ಕಟ್ಟಿಕೊಂಡ ಮಾತುಗಳೂ ಉಂಟು. ಶುದ್ಧ ಹಳಗನ್ನಡವೆಂದು ಅದನ್ನು ಎತ್ತಿಹಿಡಿಯುವುದು ನಮ್ಮಿಂದಾಗದು. ಅವನು ಬರೆದುದು ಯಾವ ಶತಮಾನದಲ್ಲಿಯೂ ಯಾರೂ ಆಡದ ಕನ್ನಡ. ಆದರೆ ಅದು ಓಡುತ್ತದೆ, ಕುಣಿಯುತ್ತದೆ. ಆ ಕುಣಿತವನ್ನು ಕಾಣುವ ಮೊದಲೇ ತಪ್ಪನ್ನು ಎಣಿಸುವವರ ಕೈಗೆ ಗ್ರಂಥವು ಸಿಕ್ಕಬಾರದೆಂಬುದು ಕವಿಯ ಎಣಿಕೆಯಾಗಿದ್ದಿರಬಹುದು. ಅದನ್ನು ವಿನಯವೆಂದು ಕರೆಯುವುದಕ್ಕಿಂತ ಜಾಣತನವೆಂದು ಕರೆಯುವುದು ಲೇಸು; ಮತ್ತು ಅಂಥ ಜಾಣತನವು ಅವನಿಗೆ ಬೇಕಾಯಿತೆಂಬುದು ಆ ವಿದ್ವಲ್ಲೋಕಕ್ಕೆ ಅಷ್ಟಾಗಿ ಕೀರ್ತಿಯನ್ನು ತರುವ ಸಂಗತಿಯಲ್ಲ.

ಈಗ ‘ರಾಮಾಶ್ವಮೇಧ’ದ ಒಳಕ್ಕೆ ಹೋಗೋಣ. ಇದರ ಮೂಲವು ಪದ್ಮಪುರಾಣದ ಪಾತಾಳಖಂಡ. ಅಲ್ಲಿ ಕಥೆಯನ್ನು ಹೇಳುವವನು ಆದಿಶೇಷ, ಕೇಳುವವನು ವಾತ್ಸ್ಯಾಯನ ಮುನಿ. ಶ್ರೀರಾಮನು ಯಜ್ಞಾಶ್ವವನ್ನು ಬಿಡುತ್ತಾನೆ; ಶತ್ರುಘ್ನನು ಸೇನೆಯೊಡನೆ ಬೆಂಗಾವಲಾಗಿ ಹೋಗುತ್ತಾನೆ; ದಾರಿಯಲ್ಲಿ ರಾಜರು ಕುದುರೆಯನ್ನು ಕಟ್ಟುತ್ತಾರೆ, ಯುದ್ಧವಾಗುತ್ತದೆ; ಕಡೆಗೆ ವಾಲ್ಮೀಕಿಯ ಆಶ್ರಮದ ಬಳಿ ಕಟ್ಟಿದವನು ರಾಮನ ಮಗನೇ ಎಂದು ತಿಳಿಯುತ್ತದೆ. ಕನ್ನಡಿಗರಿಗೆ ಹೊಸ ಕಥೆಯೇನೂ ಅಲ್ಲ. ಮುದ್ದಣನ ಪ್ರತಿಭೆಯು ಕಥೆಯಲ್ಲಿಲ್ಲ. ಹೇಳುವವರನ್ನೂ ಕೇಳುವವರನ್ನೂ ಬದಲಿಸಿದುದರಲ್ಲಿದೆ. ಸಾವಿರ ಹೆಡೆಯ ಸರ್ಪರಾಜನ ಸ್ಥಾನದಲ್ಲಿ ಬಡ ಗೃಹಸ್ಥನಾದ ಕವಿ, ಮುನಿಯ ಸ್ಥಾನದಲ್ಲಿ ಅವನ ಹೆಂಡತಿ ಮನೋರಮೆ!

ಮಳೆಗಾಲದ ಹೊತ್ತು. ಅರಮನೆಯಿಂದ ಮನೆಗೆ ಬಂದ ಗಂಡನನ್ನು ಹೆಂಡತಿ ಉಪಚರಿಸಿ, ಹೊತ್ತು ಹೋಗಲು ಒಂದು ಕಥೆಯನ್ನು ಹೇಳೆಂದು ಕೇಳುತ್ತಾಳೆ. ಅವನು ಕವಿಗಳ ಪದ್ಧತಿಯಂತೆ ಬಿಗುಮಾನದಿಂದ ಆರಂಭಿಸುತ್ತಾನೆ. ಆಕೆ ನಡುವೆಯೇ ತಡೆಯುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ಗದ್ಯವನ್ನೆತ್ತಿಕೊಂಡು ಸಂಸ್ಕೃತ ಸಮಾಸಗಳನ್ನು ಸುರಿಸತೊಡಗಿದರೆ, ತನಗೆ ತಿಳಿಯುವ ಕನ್ನಡದಲ್ಲಿ ಹೇಳಬಾರದೇ ಎಂದು ಮುನಿಯುತ್ತಾಳೆ. ಅವನು ಸಮಾಧಾನ ಹೇಳುತ್ತಾನೆ, ಹಾಸ್ಯಮಾಡುತ್ತಾನೆ, ಕಥೆಗೆ ಸಂಭಾವನೆ ಏನೆಂದು ಚೌಕಾಸಿಮಾಡುತ್ತಾನೆ. ನಾವು ತರಗತಿಯಲ್ಲಿ ಈ ಭಾಗವನ್ನು ಓದುವಾಗ, ಹಳಗನ್ನಡವೆಂದರೆ ಮುಖ ಸಿಂಡರಿಸುವ ವಿದ್ಯಾರ್ಥಿಗಳೂ ಕತ್ತೆತ್ತಿ ಕೇಳುವುದನ್ನು ಕಂಡಿದ್ದೇವೆ. ಕಾವ್ಯಶಾಸ್ತ್ರದ ದೊಡ್ಡ ಪ್ರಶ್ನೆಗಳೆಲ್ಲ ಇಲ್ಲಿವೆ: ಪದ್ಯವೋ ಗದ್ಯವೋ, ಸಂಸ್ಕೃತವೆಷ್ಟು ಕನ್ನಡವೆಷ್ಟು, ಕವಿ ಬರೆಯುವುದು ಯಾರಿಗಾಗಿ. ಆದರೆ ಅವು ಪಂಡಿತರ ಸಭೆಯನ್ನು ಬಿಟ್ಟು ಜಗಲಿಗೆ ಬಂದಿವೆ. ತೀರ್ಪು ಹೇಳುವವಳು ಮನೆಯಾಕೆ.

ಮನೋರಮೆಯ ಮಾತಿನಲ್ಲಿ ಕಮಲೆಯ ದನಿಯಿದೆಯೆಂದು ಹಲವರು ಹೇಳುವುದುಂಟು. ಇರಬಹುದು. ಅದಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆಯುವುದು ಇನ್ನೊಂದು ವಿಷಯ. ಗ್ರಂಥದ ಮುದ್ದಣನು ಬರುವುದು ಅರಮನೆಯಿಂದ. ನಿಜವಾದ ಮುದ್ದಣನು ಬರುತ್ತಿದ್ದುದು ಪಾಠಶಾಲೆಯ ಬಯಲಿನಿಂದ. ಅವನಿಗೆ ಆಶ್ರಯಕೊಟ್ಟ ಅರಸನಿರಲಿಲ್ಲ. ಮೈಸೂರಿನಲ್ಲಿ ‘ಅಭಿನವ ಕಾಳಿದಾಸ’ನೆನಿಸಿದ ಬಸವಪ್ಪಶಾಸ್ತ್ರಿಗಳು ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿ ಮೆರೆದು ೧೮೯೧ರಲ್ಲಿ ತೀರಿಕೊಂಡಿದ್ದರು, ಅಂಥ ಓಲಗವು ತುಳುನಾಡಿನಲ್ಲಿ ಆ ಹೊತ್ತಿಗೆ ಎಲ್ಲಿಯದು? ಬ್ರಿಟಿಷ್ ಜಿಲ್ಲೆಯಲ್ಲಿ ಕಲೆಕ್ಟರನ ಕಚೇರಿಯುಂಟು, ಕವಿಗೆ ಪೀಠವಿಲ್ಲ. ಇಲ್ಲದ ಅರಮನೆಯನ್ನು ಕಲ್ಪಿಸಿಕೊಂಡು, ಅಲ್ಲಿಂದ ಹೊರಟು, ಇದ್ದ ಮನೆಗೆ ಬರುತ್ತಾನೆ. ಅರಮನೆಯ ವಿಷಯವನ್ನು ಹೆಚ್ಚಾಗಿ ಹೇಳುವುದೂ ಇಲ್ಲ. ಗ್ರಂಥದಲ್ಲಿ ಜೀವದಿಂದ ತುಂಬಿರುವುದು ಮನೆ.

ಇದೇ ಜಿಲ್ಲೆಯಲ್ಲಿ, ಇದೇ ವರ್ಷಗಳಲ್ಲಿ, ಹೊಸತನಕ್ಕೆ ಇನ್ನೊಂದು ಬಾಗಿಲೂ ತೆರೆಯಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ೧೮೯೯ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ಅದನ್ನು ಎಣಿಸುವುದು ರೂಢಿ. ಎಳೆಯ ವಿಧವೆಯೊಬ್ಬಳು ಓದಿ ಪುನಃ ವಿವಾಹವಾಗುವ ಕಥೆಯನ್ನು ಗ್ರಂಥಕರ್ತನು ತನ್ನ ಕಾಲದ ಕನ್ನಡದಲ್ಲಿ, ತನ್ನ ಹೆಸರಿಟ್ಟು, ಧೈರ್ಯವಾಗಿ ಹೇಳಿದನು. ೧೯೦೦ರಲ್ಲಿ ಬೆನಗಲ್ ರಾಮರಾಯರ ‘ಸುವಾಸಿನಿ’ಯೆಂಬ ಮಾಸಪತ್ರಿಕೆಯು ಮಂಗಳೂರಿನಿಂದ ಹೊರಟು ಹೊಸ ಬರಹಗಾರರಿಗೆ ಎಡೆಗೊಟ್ಟಿತು. ಬಂಟವಾಳದ ಪಂಜೆ ಮಂಗೇಶರಾಯರು ಮುದ್ದಣನಿಗಿಂತ ನಾಲ್ಕು ವರ್ಷ ಮಾತ್ರ ಕಿರಿಯರು. ಅವರು ಮಕ್ಕಳ ಪದ್ಯವನ್ನೂ ಹರಟೆಯನ್ನೂ ಸಣ್ಣಕಥೆಯನ್ನೂ ಬರೆದು ೧೯೩೭ರ ವರೆಗೆ ಬಾಳಿದರು. ಕವಿಯು ಘಟ್ಟದ ಮೇಲಕ್ಕೆ ತನ್ನ ಗ್ರಂಥವನ್ನು ಹಳಬನ ವೇಷದಲ್ಲಿ ಕಳುಹಿಸುತ್ತಿದ್ದಾಗ, ಅವನ ಮನೆಯ ಹತ್ತಿರದಲ್ಲಿಯೇ ಹೊಸಬರಿಗೆ ಹೊಸಬರಾಗಿಯೇ ಸ್ಥಳ ಸಿದ್ಧವಾಗುತ್ತಿತ್ತು. ಎರಡು ಮೂರು ವರ್ಷಗಳ ಅಂತರ. ಅಷ್ಟರಲ್ಲಿ ಕಾಲ ಮೀರಿತು.

‘ಇಂದಿರಾಬಾಯಿ’ಗೂ ‘ರಾಮಾಶ್ವಮೇಧ’ಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ಕೇಳಬಹುದು. ಒಂದು ವಿಧದಲ್ಲಿ ಸಂಬಂಧವಿಲ್ಲ. ಆದರೆ ಇಂದಿರೆಗೆ ಓದುವ ಹಕ್ಕನ್ನು ಕೊಟ್ಟುದು ಒಂದು, ಮನೋರಮೆಗೆ ಕವಿಯನ್ನು ತಡೆದು ಪ್ರಶ್ನಿಸುವ ಹಕ್ಕನ್ನು ಕೊಟ್ಟುದು ಇನ್ನೊಂದು. ಮೊದಲನೆಯದನ್ನು ಸುಧಾರಣೆಯೆಂದು ಎಲ್ಲರೂ ಗುರುತಿಸಿದರು. ಎರಡನೆಯದು ಹಳಗನ್ನಡದ ಉಡುಗೆಯಲ್ಲಿ ಬಂದುದರಿಂದ, ಪೂರ್ವಕಾಲದ ಸರಸಸಲ್ಲಾಪವೆಂದು ನಕ್ಕು ಮುಂದೆ ಹೋದರು. ಮುದ್ದಣನನ್ನು ಹೊಸಗನ್ನಡದ ಮುಂಗೋಳಿಯೆಂದು ಅನಂತರದವರು ಕರೆದರು. ಮಾತು ಚೆನ್ನಾಗಿದೆ, ಆದರೆ ಈ ಕೋಳಿ ಕೂಗಿದುದು ಕೇಶಿರಾಜನ ಕಾಲದ ದನಿಯಲ್ಲಿ, ಆದುದರಿಂದಲೇ ಬೆಳಗಾಯಿತೆಂದು ಬಹಳ ಜನಕ್ಕೆ ತಿಳಿಯಲಿಲ್ಲ.

೧೯೦೧ನೆಯ ಫೆಬ್ರವರಿ ತಿಂಗಳಲ್ಲಿ ಕ್ಷಯರೋಗದಿಂದ ಕವಿಯು ತೀರಿಕೊಂಡನು. ಮೂವತ್ತೊಂದು ತುಂಬಿ ಮೂರು ವಾರ ಕಳೆದಿತ್ತು. ಡ್ರಿಲ್ ಮೇಷ್ಟ್ರ ಸಂಸಾರವು ಏನನ್ನು ಅನುಭವಿಸಿತೆಂಬುದನ್ನು ಇಲ್ಲಿ ಬೆಳೆಸುವುದಿಲ್ಲ. ಗ್ರಂಥಗಳು ಮಾತ್ರ ನಿಂತುವು. ಮುದ್ದಣ ಮನೋರಮೆಯರ ಸಲ್ಲಾಪವು ಪಠ್ಯಪುಸ್ತಕಗಳನ್ನು ಸೇರಿತು. ‘ರಾಮಾಶ್ವಮೇಧ’ದ ಯುದ್ಧಗಳನ್ನು ಒಂದನ್ನೂ ಓದದವರೂ ಆ ದಂಪತಿಗಳ ಜಗಳವನ್ನು ಬಲ್ಲರು. ‘ಕುಮಾರವಿಜಯ’ವನ್ನು ಮೇಳದವರು ಆಡುತ್ತ ಬಂದರು, ಘಟ್ಟದ ಮೇಲಿನ ಪಂಡಿತರ ಅಭಿಪ್ರಾಯವನ್ನು ಅವರು ಕೇಳಬೇಕಾಗಿರಲಿಲ್ಲ.

‘ಗೋದಾವರಿ’ಯೆಂಬ ಒಂದು ಕಾದಂಬರಿಯನ್ನೂ ಮುದ್ದಣನು ಬರೆದಿದ್ದನೆಂದು ಹೇಳುತ್ತಾರೆ. ಪುರಾಣವಲ್ಲ, ಪ್ರಸಂಗವಲ್ಲ, ಕಾದಂಬರಿ. ‘ಇಂದಿರಾಬಾಯಿ’ಯು ತೆರೆದ ಬಾಗಿಲಿನ ಕಡೆಗೆ ಅವನೂ ಹೆಜ್ಜೆಯಿಟ್ಟಿದ್ದನೆಂದಾಯಿತು. ಆ ಗ್ರಂಥವು ಅಚ್ಚಾಗಲಿಲ್ಲ. ಬರೆದ ಪ್ರತಿಯೂ ಉಳಿಯಲಿಲ್ಲ.